ಸಾಲ್ವೆಂಟ್ ಗುಂಡಿ

"ಬಾವಿ ಇಳಿದು ಬೆಳೆದ ಸೂಳೆಮಗನಿಗೆ ಈ ಗುಂಡಿ ಕಂಡ್ರ ಉಚ್ಚಿ ಬರ್ತೈತೇನ್ಲೇ?"

ಸಾವ್ಕಾರ ಕೊಟ್ರಸ್ವಾಮಿ ವರಾಂಡದ ಮೇಲೆ ನಿಂತೇ ಕೇಳಿದ. ಗಾದೆಪ್ಪ ಗುಂಡಿಯ ಕಬ್ಬಿಣದ ಮುಚ್ಚಳ ಸರಿಸಿ, ಅದರ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೂಸುತ್ತಿದ್ದ.

"ಪೆಟ್ರೋಲ್ ವಾಸನಿ ಬರ್ತೈತ್ರಿ."

"ಎಣ್ಣಿ ಮಿಲ್ಲಿನಾಗ ಮಲ್ಲಿಗಿ ವಾಸನಿ ಬರ್ತೈತೇನು? ಇಳಿ. ಬಗ್ಗಡ ತೆಗಿ."

ನಾವು ಹೆಂಗಸರು ಅಂಗಳದಲ್ಲಿ ಶೇಂಗಾ ಹಿಂಡಿ ಹರವುತ್ತಿದ್ದೆವು. ಕೊಟ್ಟೂರು ದಾಟಿ ಉಜ್ಜಿನಿಗೆ ಹೋಗುವ ದಾರಿಯಲ್ಲಿರುವ ಈ ಮಿಲ್ಲಿಗೆ ಬೇರೆ ಗಾಣಗಳಲ್ಲಿ ಎಣ್ಣೆ ತೆಗೆದು ಉಳಿದ ಹಿಂಡಿ ಬರುತ್ತದೆ. ಅದರಲ್ಲಿ ಉಳಿದ ಕೊನೆಯ ಜಿಡ್ಡನ್ನೂ ಬಿಡದೆ ತೆಗೆಯುವುದು ಇಲ್ಲಿಯ ಕೆಲಸ. ಅದಕ್ಕೆ ಟ್ಯಾಂಕರಿನಲ್ಲಿ ಸಾಲ್ವೆಂಟ್ ತರಿಸುತ್ತಾರೆ. ನೋಡಲು ನೀರಿನಷ್ಟೇ ತಿಳಿ. ನೆಲದಡಿಯ ಕಚ್ಚಾ ಎಣ್ಣೆಯನ್ನು ಕಾಯಿಸಿ ಬೇರೆ ಬೇರೆ ಮಾಡುವಾಗ ಪೆಟ್ರೋಲು, ಸೀಮೆಎಣ್ಣೆಗಳ ಜೊತೆ ಇದೂ ಹುಟ್ಟುತ್ತದಂತೆ. ಹಿಂಡಿಯನ್ನು ಇದರಲ್ಲಿ ನೆನೆಸಿದರೆ ಎಣ್ಣೆ ಕರಗಿ ಹೊರಗೆ ಬರುತ್ತದೆ. ಆಮೇಲೆ ಕಾಯಿಸಿದರೆ ಸಾಲ್ವೆಂಟ್ ಆವಿಯಾಗಿ, ಎಣ್ಣೆ ಕೆಳಗೆ ಉಳಿಯುತ್ತದೆ. ಆವಿಯನ್ನು ತಣಿಸಿ ಮತ್ತೆ ಹಿಡಿದುಕೊಳ್ಳುತ್ತಾರೆ. ತಪ್ಪಿಸಿಕೊಂಡದ್ದು ಕೊಳೆನೀರಿನೊಂದಿಗೆ ಈ ಗುಂಡಿಗೆ ಬಂದು ಮೇಲೆ ತೇಲುತ್ತದೆ.

ಇದನ್ನೆಲ್ಲ ನಮಗೆ ಹೇಳಿದವನು ಲ್ಯಾಬಿನ ಅಮರೇಶ್. "ನೀವು ಉಟ್ಟ ನೈಲಾನ್ ಸೀರೀನೂ ಅದೇ ಕಚ್ಚಾ ಎಣ್ಣೀದು, ಕೈಯಾಗಿನ ಬಳೀನೂ, ಕಾಲಾಗಿನ ಚಪ್ಪಲೀನೂ. ಮೈಮ್ಯಾಗ ಹೇರಿಕ್ಯಂಡು ಅಡ್ಡಾಡ್ತೀರಿ, ಗುಂಡಿಗೆ ಯಾಕ ಅಂಜ್ತೀರವಾ?" ಎಂದು ನಗಿಸುತ್ತಿದ್ದ. ಕೆಟ್ಟವನಲ್ಲ ಅನಿಸುತ್ತಿತ್ತು. ಇರಲೂಬಹುದು. ಹೋದ ವರ್ಷ ಜಂಬಕ್ಕನ ಗಂಡ ಅಂಜಿನಿ ಈ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಹೆಣವನ್ನು ಕೂಡ್ಲಿಗಿ ರಸ್ತೆಯ ಪಕ್ಕಕ್ಕೆ ಸಾಗಿಸಿದ ಜೀಪಿನಲ್ಲಿ ಅಮರೇಶನೂ ಕೂತಿದ್ದ. ಬೈಕಿನಿಂದ ಬಿದ್ದು ಸತ್ತ ಅಂತಾಯಿತು. ಸುಮ್ಮನಿದ್ದುದಕ್ಕೆ ಜಂಬಕ್ಕನಿಗೆ ಇಲ್ಲೇ ಕಸ ಗುಡಿಸುವ ಕೆಲಸ ಸಿಕ್ಕಿತು. ಅವಳು ಬಾಯಿ ಬಿಟ್ಟರೆ ಅವಳ ಒಲೆ ಆರುತ್ತದೆ. ನಾವು ಬಿಟ್ಟರೆ ನಮ್ಮದು.

ಅಂದಿನಿಂದ ಮಿಲ್ಲಿನ ಗಂಡಸರು ಯಾರೂ ಗುಂಡಿಗೆ ಇಳಿಯಲು ಒಪ್ಪಲಿಲ್ಲ. ಈಗ ಅದು ಕಟ್ಟಿಕೊಂಡು ಮಿಲ್ಲೇ ನಿಂತಿತ್ತು. ಅದಕ್ಕೇ ಸಾವ್ಕಾರ ಕೂಡ್ಲಿಗಿ ಕಡೆಯಿಂದ ಬಾವಿ ಹೂಳು ತೆಗೆಯುವ ಗಾದೆಪ್ಪನನ್ನೂ ಅವನ ಹೆಂಡತಿಯ ತಮ್ಮ ಪಾಲಾಕ್ಷನನ್ನೂ ತನ್ನ ಜೀಪಿನಲ್ಲೇ ಕರೆತಂದಿದ್ದ. ಕೊಳೆನೀರಿನ ಗುಂಡಿ ಎಂದಷ್ಟೇ ಅವರಿಗೆ ಹೇಳಿದ್ದ. ನಮ್ಮನ್ನು ದಿನಾ ಗೇಟಿನಲ್ಲಿ ವಾಚ್‌ಮನ್ ಸೊಂಟ, ಕುಬುಸ ತಡವಿ ಬೆಂಕಿಪೊಟ್ಟಣ ಹುಡುಕುತ್ತಾನೆ. ಸಾವ್ಕಾರನ ಜೀಪಿನಲ್ಲಿ ಬಂದವರನ್ನು ಅವನು ತಡವಲಿಲ್ಲ.

"ಅವನ್ಯಾಕ ಹಗ್ಗ ಹಿಡಕಂಡು ನಿಂತಾನ? ಇಬ್ರೂ ಇಳೀರಿ, ಲಗೂ ಮುಗೀತೈತಿ," ಎಂದ ಸಾವ್ಕಾರ, ಪಾಲಾಕ್ಷನತ್ತ ಕೈ ತೋರಿಸಿ.

"ಆಗಂಗಿಲ್ರಿ," ಎಂದ ಗಾದೆಪ್ಪ. "ನಮ್ಮಾಗ ಹಗ್ಗ ಹಿಡಿಯೋನು ಹೇಣ್ತಿ ತಮ್ಮನೇ ಆಗಬೇಕು. ಅಕ್ಕನ ತಾಳಿ ನೆನಸಿಕ್ಯಂಡು ಕೈ ಸಡ್ಲ ಬಿಡಂಗಿಲ್ಲ."

"ಹರಕು ತಾಳಿಗೆ ಏನ್ ಬಂದೋಬಸ್ತಲೇ!" ಸಾವ್ಕಾರ ನಕ್ಕ. ಒಂದು ಬೆಲ್ಲದ ಉಂಡೆಯನ್ನು ವರಾಂಡದಿಂದಲೇ ಎಸೆದ. "ತಗ, ಇದನ್ನ ತಿಂದು ಇಳಿ. ವಾಸನಿ ತಲಿಗೆ ಏರಂಗಿಲ್ಲ."

ಅದು ಮಣ್ಣಿಗೆ ಬಿತ್ತು. ಪಾಲಾಕ್ಷ ಎತ್ತಿಕೊಳ್ಳಲು ಬಾಗಿದ.

"ಬಿಡಲೇ ಅದನ್ನ," ಎಂದ ಗಾದೆಪ್ಪ, ಅವನ ಮುಖ ನೋಡದೆ.

ಜಂಬಕ್ಕ ಗುಡಿಸುತ್ತ ಗುಡಿಸುತ್ತ ಗುಂಡಿಯ ಕಡೆಗೇ ಬರುತ್ತಿದ್ದಳು. ಅವಳ ಬಾಯಿ ಅರ್ಧ ತೆರೆದಿತ್ತು. ಅಮರೇಶ್ ಅಡ್ಡ ಬಂದ. "ಜಂಬಕ್ಕ, ಗೇಟಿನ ಹತ್ರ ಗುಡಸು ಹೋಗು," ಎಂದ, ಮೆಲ್ಲಗೆ. ಅವಳು ನಮ್ಮತ್ತ ನೋಡಿದಳು. ನಾವು ಹಿಂಡಿಯತ್ತ ನೋಡಿದೆವು. ಅವಳು ಗೇಟಿನ ಕಡೆ ಹೋದಳು.

ಸಾವ್ಕಾರ ಫೋನು ಕಿವಿಗಿಟ್ಟು ಒಳಗೆ ತಿರುಗಿದ. ಗಾದೆಪ್ಪ ಕಾಂಪೌಂಡಿನ ಮೂಲೆಯ ಬೇವಿನ ಮರದಡಿ ಇಟ್ಟಿದ್ದ ತನ್ನ ಗೋಣಿಚೀಲದಿಂದ ಒಂದು ಲಾಟೀನು ತೆಗೆದ. ಬಾವಿಯವರ ಪದ್ಧತಿ ಅದು. ಪಾಳುಬಾವಿಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾರೆ. ಆರಿದರೆ ಮನುಷ್ಯ ಇಳಿಯುವುದಿಲ್ಲ. ಅವರ ಮನೆಯ ಗಂಡಸರು ಇಷ್ಟು ತಲೆಮಾರು ಬದುಕಿದ್ದು ಹಾಗೆ. ವಾಸನೆ ಎಣ್ಣೆ ಮಿಲ್ಲಿನದೇ ಎಂಬ ಸಾವ್ಕಾರನ ಮಾತನ್ನು ಅವನು ನಂಬಿರಬೇಕು.

ಕಡ್ಡಿ ಗೀರಿದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

ನಮ್ಮ ಕೈಗಳು ಹಿಂಡಿಯಲ್ಲೇ ನಿಂತವು. ಹಾಡುಹಗಲಲ್ಲಿ ಆ ದೀಪ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಗಾದೆಪ್ಪ ಅದನ್ನು ಹಿಡಿದುಕೊಂಡು ನಿಧಾನವಾಗಿ ಗುಂಡಿಯ ಕಡೆ ನಡೆದು ಬರುತ್ತಿದ್ದ.

ನಮ್ಮ ನಂತರ ನೋಡಿದವನು ಅಮರೇಶ್. ಅವನು ಕೂಗಲಿಲ್ಲ, ಗೇಟಿಗೆ ಓಡಿದ. ಸಾವ್ಕಾರ ತಿರುಗಿ ನೋಡಿದ. ಫೋನು ಕೈಯಿಂದ ಬಿತ್ತು. ವರಾಂಡದಿಂದ ಹಾರಿ, ಬರಿಗಾಲಲ್ಲಿ, ಬಿಚ್ಚುತ್ತಿದ್ದ ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದು ಗೇಟಿನತ್ತ ಓಡಿದ.

"ಆರಸಲೇ! ಆರಸೋ ನಿನ್ನವ್ವನ!"

ಗಾದೆಪ್ಪ ಗಕ್ಕನೆ ನಿಂತ. ಕೈಯಲ್ಲಿನ ದೀಪ ನೋಡಿದ, ಓಡುವವರನ್ನು ನೋಡಿದ.

"ಯಾಕ ಓಡ್ತಾರ ಮಾವ ಇವ್ರು?" ಎಂದ ಪಾಲಾಕ್ಷ.

ಕಬ್ಬಿಣದ ಚಿಲಕ ಬಿದ್ದ ಸದ್ದಾಯಿತು. ಜಂಬಕ್ಕ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ವಾಚ್‌ಮನ್ ಚಹಾ ತರಲು ಹೊರಗೆ ಹೋಗಿದ್ದ.

"ಅಲ್ಲೇ ನಿಂದ್ರು ಯಣ್ಣ, ಮುಂದ ಬರಬ್ಯಾಡ," ಎಂದಳು ಗಾದೆಪ್ಪನಿಗೆ. "ಅದರಾಗ ಇರೋದು ಬರೇ ನೀರಲ್ಲ. ದೀಪ ತೋರಿಸಿದ್ರ ಮಿಲ್ಲೇ ಹಾರಿ ಹೋಗ್ತೈತಿ. ದೀಪ ಇಲ್ದಂಗ ಇಳಿದ್ರ ನೀನೊಬ್ನೇ ಹೋಗ್ತಿ. ನನ್ನ ಗಂಡ ಹೋದಂಗ."

"ಚಿಲಕ ತೆಗಿ ಬೋಸುಡಿ!" ಸಾವ್ಕಾರ ಕೈ ಎತ್ತಿದ. ಹಿಂದಕ್ಕೆ ತಿರುಗಿ ಲಾಟೀನು ನೋಡಿದ. ಎತ್ತಿದ ಕೈ ಮುಗಿದುಕೊಂಡಿತು. "ಜಂಬಕ್ಕ... ನಮ್ಮವ್ವ, ತೆಗೀವಾ. ಆಮ್ಯಾಲ ಮಾತಾಡಾಮು."

"ಈಗ ಮಾತಾಡ್ರಿ. ಅಂಜಿನಿ ಎಲ್ಲಿ ಸತ್ತ?"

"ಜಂಬಕ್ಕ, ಹೊತ್ತಲ್ಲ ಇದು," ಎಂದ ಅಮರೇಶ್, ಅಳುವ ದನಿಯಲ್ಲಿ.

"ನೀ ಹೇಳು ಹಂಗಾರ. ನೀನೂ ಜೀಪಿನಾಗ ಇದ್ದಿ."

ಅಮರೇಶ್ ಸಾವ್ಕಾರನ ಮುಖ ನೋಡಿದ. ಸಾವ್ಕಾರ ಚಿಲಕ ನೋಡಿದ.

ಗಾದೆಪ್ಪ ದೀಪ ಆರಿಸಲಿಲ್ಲ. ಗುಂಡಿಯ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಲಾಟೀನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದ.

"ಹೆಣ್ಮಗಳು ಕೇಳಾಕತ್ಯಾಳ, ಹೇಳ್ರಿ ಸಾವ್ಕಾರ್ರ," ಎಂದ. "ಸೀಮೆಎಣ್ಣಿ ತುಂಬ ಹಾಕೀನಿ. ಇದೇನ್ ಲಗೂ ಆರಂಗಿಲ್ಲ."

ಮುಚ್ಚಳ ತೆರೆದೇ ಇತ್ತು. ವಾಸನೆ ನೆಲ ಹಿಡಿದು ಹರಿದು ಬಂದು ನಮ್ಮ ಕಾಲ ಹತ್ತಿರ ಸೇರಿತ್ತು. ಗಾದೆಪ್ಪನ ಕಾಲ ಹತ್ತಿರವೂ ಬಂದಿರಬೇಕು. ನಮಗೆ ಗೊತ್ತಾಗುವ ಹಾಗಿರಲಿಲ್ಲ. ನಾವೂ ಗೇಟಿನ ಒಳಗೇ ಇದ್ದೆವು. ಚಿಲಕ ತೆಗಿ ಎಂದು ಜಂಬಕ್ಕನಿಗೆ ನಮ್ಮಲ್ಲಿ ಒಬ್ಬಳೂ ಹೇಳಲಿಲ್ಲ.