ನನ್ನ ಒಪ್ಪತ್ತು

ನಾನು ರಾತ್ರಿ ಊಟ ಬಿಟ್ಟ ಮೊದಲ ವಾರದಲ್ಲೇ ನಮ್ಮಮ್ಮ ಕಾತ್ಯಾಯಿನಿ ಬಾಯಲ್ಲೇ ನನ್ನನ್ನು ಅರ್ಧ ಸಾಯಿಸಿಬಿಟ್ಟಿದ್ದಳು. ಯಡಿಯೂರಿನ ನಮ್ಮ ಬೀದಿಯಲ್ಲಿ ಡಯಟ್ ಮಾಡಿ ಬಚ್ಚಲಲ್ಲಿ ಬಿದ್ದವಳು, ಡಯಟ್ ಮಾಡಿ ಕೂದಲೆಲ್ಲ ಉದುರಿಸಿಕೊಂಡವಳು, ಡಯಟ್ ಮಾಡಿ ಮೂವತ್ತಕ್ಕೇ ಅಜ್ಜಿಯ ಹಾಗೆ ಕಾಣುವವಳು, ಎಲ್ಲರ ಕಥೆಯೂ ಸರಿಯಾಗಿ ತಟ್ಟೆ ಹಾಕುವ ಹೊತ್ತಿಗೇ ಅವಳ ನೆನಪಿಗೆ ಬರುತ್ತಿತ್ತು.

"ಮಧ್ಯಾಹ್ನ ಹೊಟ್ಟೆ ತುಂಬ ತಿಂತೀನಮ್ಮಾ. ಕಾಳು, ತರಕಾರಿ ಎಲ್ಲ ನೋಡ್ಕೊಂಡೇ ತಿಂತೀನಿ. ನೀನು ಸುಮ್ನೆ ಟೆನ್ಷನ್ ಮಾಡ್ಕೋಬೇಡ."

"ನೋಡ್ಕೊಂಡು ತಿನ್ನೋಕೆ ಅದೇನು ಔಷಧೀನಾ? ಬರೀ ಹೊಟ್ಟೇಲಿ ಮಲಗ್ತೀಯಲ್ಲ, ನಂಗೆ ಹೇಗೆ ನಿದ್ದೆ ಬರತ್ತೆ?"

ಎಷ್ಟು ಸಮಾಧಾನ ಹೇಳಿದರೂ ಅಷ್ಟೇ. ಆಫೀಸಿಗೆ ಫೋನ್ ಮಾಡಿ ಡಬ್ಬಿ ಖಾಲಿಯಾಯಿತೇ ಎಂದು ಕೇಳುತ್ತಿದ್ದಳು. ಕೊನೆಗೆ ಒಂದು ಸಂಜೆ ತನ್ನ ತಟ್ಟೆಯನ್ನೂ ದೂರ ತಳ್ಳಿ, "ನೀನು ತಿಂದ್ರೆ ನಾನು ತಿಂತೀನಿ" ಎಂದು ಕೂತಳು. ಬಿಪಿ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕಾದವಳು! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ಇದು ಡಯಟ್ ಅಲ್ಲಮ್ಮಾ. ಒಪ್ಪತ್ತು. ಹರಕೆ ಹೊತ್ತಿದೀನಿ."

ಶನಿವಾರ, ಸಂಕಷ್ಟಿ ಎಂದು ಅಮ್ಮ ತಾನೇ ವಾರಕ್ಕೊಂದೆರಡು ದಿನ ಒಂದೇ ಹೊತ್ತು ಉಣ್ಣುತ್ತಾಳೆ. ಅದಕ್ಕಾಗಿ ಯಾರೂ ಕಣ್ಣೀರು ಹಾಕಿದ್ದನ್ನು ನಾನು ಕಂಡಿಲ್ಲ. ಹೊಟ್ಟೆ ಅದೇ, ಹಸಿವು ಅದೇ. ಹೆಸರು ಬದಲಾದರೆ ಸಾಕಲ್ಲ ಎಂದು ನನ್ನ ಲೆಕ್ಕ.

ಹೆಸರು ಬದಲಾಗಿದ್ದೇ ತಡ, ಅಮ್ಮನ ಮುಖವೇ ಬದಲಾಯಿತು. "ಮೊದಲೇ ಹೇಳಬಾರದಾ? ಏನು ಅಂದ್ಕೊಂಡು ಹೊತ್ತೆ?"

"ಹೇಳಬಾರದು ಅಂತಾರಲ್ಲ."

"ಎಷ್ಟು ದಿನಕ್ಕೆ?"

"ಅಂದ್ಕೊಂಡಿದ್ದು ಆಗೋವರೆಗೂ."

ನಾನು ಅಂದುಕೊಂಡಿದ್ದು ಬೀರುವಿನಲ್ಲಿದ್ದ, ಕೈ ತೂರದ ನಾಲ್ಕು ರವಿಕೆಗಳ ಬಗ್ಗೆ. ಅಮ್ಮ ಮಾತ್ರ ಅಪ್ಪನ ಕೋಣೆಯ ಕಡೆ ನೋಡುತ್ತಿದ್ದಳು. ಅಪ್ಪನಿಗೆ ಎದೆನೋವು ಬಂದು, ಸ್ಟೆಂಟ್ ಹಾಕಿಸಿ ಮನೆಗೆ ಕರೆತಂದು ಹೆಚ್ಚು ದಿನ ಆಗಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ತಟ್ಟೆ ಹತ್ತಿರಕ್ಕೆಳೆದುಕೊಂಡು ಹೊಟ್ಟೆ ತುಂಬ ಊಟ ಮಾಡಿದಳು. ಸದ್ಯ ಬಚಾವಾದೆ ಎಂದು ನಾನು ಹೋಗಿ ಮಲಗಿದೆ.

ಮರುದಿನ ಸಂಜೆ ಮೇಜಿನ ಮೇಲೆ ಗೋಧಿ ದೋಸೆ, ಒಗ್ಗರಣೆ ಅವಲಕ್ಕಿ, ಬಾಳೆಹಣ್ಣಿನ ರಸಾಯನ. ಒಪ್ಪತ್ತಿನವರು ರಾತ್ರಿ ಅನ್ನ ಮುಟ್ಟುವುದಿಲ್ಲವೇ ಹೊರತು ಫಲಾಹಾರಕ್ಕೆ ಅಡ್ಡಿಯಿಲ್ಲ ಎನ್ನುವುದು ನನಗೆ ಮರೆತೇ ಹೋಗಿತ್ತು. ಊಟವೇ ಇದಕ್ಕಿಂತ ವಾಸಿ! "ನಂದು ಕಟ್ಟುನಿಟ್ಟಿನ ಒಪ್ಪತ್ತಮ್ಮಾ, ರಾತ್ರಿ ಒಂದು ಲೋಟ ಹಾಲು ಅಷ್ಟೇ" ಎಂದೆ. ಹೀಗೆ ಬಾಗಿಲಿಗೆ ಎರಡನೇ ಚಿಲಕವನ್ನೂ ನಾನೇ ಹಾಕಿಕೊಂಡೆ.

ಯಾರಿಗೋಸ್ಕರ ಹರಕೆ ಹೊತ್ತಿದ್ದೇನೆ ಎಂದು ನನಗೆ ಗೊತ್ತಾಗಿದ್ದು ಪಕ್ಕದ ಮನೆಯ ಶಾಂತಾದೇವಿ ಆಂಟಿಯಿಂದ. ಗೇಟಿನಲ್ಲಿ ನನ್ನ ಕೈ ಹಿಡಿದುಕೊಂಡು, "ಅಪ್ಪನ ಆರೋಗ್ಯಕ್ಕೆ ಊಟ ಬಿಟ್ಟಿದೀಯಂತೆ. ಇಂಥ ಮಗಳು ಯಾರಿಗೆ ಸಿಗ್ತಾಳೆ ಹೇಳು" ಎಂದರು. ಒಳಗೆ ಹೋಗಿ ಅಮ್ಮನಿಗೆ ನಿಜ ಹೇಳಬೇಕೆಂದುಕೊಂಡೆ. ಅಮ್ಮ ದೇವರ ಮುಂದೆ ಕೂತಿದ್ದಳು. ನಾಳೆ ಹೇಳಿದರಾಯಿತು ಎಂದು ಬಿಟ್ಟೆ.

ರವಿಕೆಗಳು ಮೈಗೆ ಸರಿಯಾದವು. ಆಮೇಲೆ ಸಡಿಲವೂ ಆದವು. ಬನಶಂಕರಿ ಮೆಟ್ರೋ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆಗಟ್ಟಿ ಕಂಬಿ ಹಿಡಿದು ನಿಲ್ಲುವ ಹಾಗಾಯಿತು. ಜಯನಗರದ ಲೇಡಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಚೆನ್ನಾಗಿ ಬೈದು, ಇವತ್ತಿನಿಂದಲೇ ರಾತ್ರಿ ಊಟ ಮಾಡು ಎಂದರು. ಬೈಸಿಕೊಂಡು ಇಷ್ಟು ಖುಷಿಯಾಗಿ ನಾನು ಯಾವತ್ತೂ ಮನೆಗೆ ಬಂದವಳಲ್ಲ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಗಾಬರಿಯಾದಳು, ನಿಜ. "ಮಧ್ಯಾಹ್ನಕ್ಕೆ ದೊಡ್ಡ ಡಬ್ಬಿ ಕಟ್ತೀನಿ. ಖರ್ಜೂರ ತಿನ್ನು, ಬೀಟ್‌ರೂಟ್ ಜ್ಯೂಸ್ ಮಾಡಿಕೊಡ್ತೀನಿ. ರಾತ್ರೀದು ಮಾತ್ರ ಬೇಡ ಕಣೇ. ನಡುವೆ ಬಿಡೋ ಹಾಗಿಲ್ಲ."

"ಡಾಕ್ಟರೇ ಹೇಳಿದಾರಮ್ಮಾ!"

"ಮೊನ್ನೆ ಅಪ್ಪನ ಹಾರ್ಟಿನ ಎಕೋ ಟೆಸ್ಟು ಚೆನ್ನಾಗಿ ಬಂದಿದ್ದು ಯಾತರಿಂದ? ಇಂಥ ಹೊತ್ತಲ್ಲಿ ಕೈಬಿಟ್ಟು, ನಾಳೆ ಏನಾದ್ರೂ ಆದ್ರೆ?"

"ಹಾಗಾದ್ರೆ ಯಾವಾಗ ಮುಗಿಯತ್ತೆ ಇದು?"

"ನೀನೇ ಹೇಳಿದೀಯಲ್ಲ. ಅವರ ಹಾರ್ಟು ಪೂರ್ತಿ ಸರಿಹೋಗೋವರೆಗೂ."

ಅಪ್ಪನ ಡಾಕ್ಟರು ಮಾತ್ರೆಗಳನ್ನು ಜೀವನಪೂರ್ತಿ ತಗೊಳ್ಳಬೇಕು ಎಂದಿದ್ದಾರೆ. ಹಾಗಾದರೆ ನನ್ನ ಹಸಿವಿಗೂ ಅಷ್ಟೇ ಆಯಸ್ಸು. ನನಗೆ ಅಳು ಬಂತು. "ಹರಕೆಯೂ ಇಲ್ಲ ಏನೂ ಇಲ್ಲಮ್ಮಾ. ನಿನ್ನ ಕಾಟ ತಡೆಯಕ್ಕಾಗದೆ ಸುಳ್ಳು ಹೇಳಿದ್ದೆ. ನಂಗೆ ಸಣ್ಣ ಆಗಬೇಕಿತ್ತು, ಅಷ್ಟೇ."

ಅಮ್ಮ ನನ್ನ ತಲೆ ನೇವರಿಸಿದಳು. "ಹಸಿವು ಹೀಗೆಲ್ಲ ಮಾತಾಡಿಸತ್ತೆ ಪುಟ್ಟಿ. ಹಾಲು ಕುಡಿದು ಮಲಗು" ಎಂದಳು. ಸುಳ್ಳನ್ನು ಕೂಡಲೇ ನಂಬಿದವಳು ನಿಜವನ್ನು ಮಾತ್ರ ನಂಬಲಿಲ್ಲ.

ಉಳಿದದ್ದು ಅಪ್ಪ. ನಮ್ಮಪ್ಪ ವೆಂಕಟಾಚಲ, ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ರಿಟೈರ್ ಆದವರು. ಅಮ್ಮನ ವ್ರತಗಳನ್ನು ಜನ್ಮವಿಡೀ ಗೇಲಿ ಮಾಡಿದವರು. ಇವರು ಒಂದು ಮಾತು ಹೇಳಿದರೆ ಮುಗಿಯಿತು. ಶುಕ್ರವಾರ ಸಂಜೆ ಅಮ್ಮ ಬನಶಂಕರಿ ಗುಡಿಗೆ ಹೋದದ್ದೇ ನಾನು ಅಡುಗೆಮನೆಗೆ ಹೋಗಿ, ತಟ್ಟೆಗೆ ಅನ್ನ ಹಾಕಿ, ಮೊಸರು ಸುರಿದು, ಉಪ್ಪಿನಕಾಯಿ ಇಟ್ಟುಕೊಂಡು ಕಲೆಸಿದೆ. ಅಪ್ಪ ನೋಡಲಿ ಎಂದೇ ಪಾತ್ರೆ ಸದ್ದು ಮಾಡಿದೆ. ನೋಡಿದರೆ ನಗುತ್ತಾರೆ, ಆಗ ಎಲ್ಲ ಹೇಳಿ ಅವರ ಎದುರೇ ಹೊಟ್ಟೆ ತುಂಬ ಉಣ್ಣುವುದೆಂದು ತೀರ್ಮಾನ ಮಾಡಿದ್ದೆ.

ಅಪ್ಪ ಬಾಗಿಲಲ್ಲಿ ಬಂದು ನಿಂತರು. ನನ್ನ ಕೈಯಲ್ಲಿದ್ದ ತುತ್ತು ನೋಡಿದರು. ನಗಲಿಲ್ಲ.

"ಮುಗೀತಾ ನಿನ್ನ ಒಪ್ಪತ್ತು?"

"ಅಪ್ಪ, ಅದು..."

"ತಿನ್ನು, ತಿನ್ನು. ನಾನೇನು ಇದನ್ನೆಲ್ಲ ನಂಬೋನಾ? ನಂಗೇನೂ ಆಗಲ್ಲ."

ಬಾಯಿ ಹಾಗೆ ಹೇಳುತ್ತಿತ್ತು. ಬಲಗೈ ಮಾತ್ರ ತನ್ನಷ್ಟಕ್ಕೆ ಅಂಗಿಯ ಮೇಲೆ, ಎಡ ಎದೆಯ ಹತ್ತಿರ ಹೋಗಿ ಕೂತಿತ್ತು. ಅಪ್ಪ ಹೆದರಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವರ ಮುಖದಲ್ಲಿ ನಾನು ಇಂಥ ಭಯ ಕಂಡಿರಲಿಲ್ಲ. ನನ್ನ ಖಾಲಿ ಹೊಟ್ಟೆಯನ್ನು ನೆಚ್ಚಿಕೊಂಡು ಈ ಮನುಷ್ಯ ಇಷ್ಟು ದಿನ ಮಲಗಿ ಏಳುತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು.

ತುತ್ತನ್ನು ತಟ್ಟೆಗೇ ಹಾಕಿದೆ. "ನಂಗಲ್ಲ ಅಪ್ಪ. ನಿಮಗೇ ಕಲೆಸ್ತಿದ್ದೆ. ಬನ್ನಿ, ಕೂತ್ಕೊಳ್ಳಿ."

"ಹೌದಾ?" ಎಂದವರು ತಕ್ಷಣ ಕುರ್ಚಿ ಎಳೆದುಕೊಂಡರು. ಕೈ ಎದೆಯಿಂದ ಕೆಳಗಿಳಿಯಿತು. ನಾನು ಕಲೆಸಿದ ಅನ್ನವನ್ನು ಹಸಿದ ಹುಡುಗನ ಹಾಗೆ ಉಂಡರು. ಅರ್ಧ ಉಂಡ ಮೇಲೆ ತಲೆಯೆತ್ತಿ ಕೇಳಿದರು.

"ನಿಂಗೆ ಹಸಿವಾಗಲ್ವಾ ಪುಟ್ಟಿ?"

"ಅಭ್ಯಾಸ ಆಗಿದೆ ಅಪ್ಪ. ಚೆನ್ನಾಗೇ ಇದೀನಿ. ನೀವು ಯೋಚನೆ ಮಾಡ್ಬೇಡಿ."

"ಇನ್ನು ಸ್ವಲ್ಪ ಇದ್ರೆ ಹಾಕು" ಎಂದರು. ಪಾತ್ರೆಯಲ್ಲಿದ್ದದ್ದನ್ನೆಲ್ಲ ಬಳಿದು ಅವರಿಗೆ ಬಡಿಸಿದೆ.