ಅಕ್ಕನ ಮಷೀನಿನಲ್ಲಿ ಇನ್ನೂರ ತೊಂಬತ್ತೊಂದು

ಕಾರು ಕಲಿಸುವ ಮೇಷ್ಟ್ರಿಗೆ ಶುಗರ್ ಇದೆ ಅಂತ ಗೊತ್ತಾದದ್ದು ಲೈಸೆನ್ಸ್ ನವೀಕರಣದ ದೆಸೆಯಿಂದ. ಐವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟು ತರಬೇಕಿತ್ತು. ಮೇಷ್ಟ್ರಿಗೆ ಭಯ ಇದ್ದದ್ದು ಕಣ್ಣಿನದು. ಅದಕ್ಕೇ ಗೋಡೆಯ ಮೇಲಿನ ಅಕ್ಷರಗಳ ಕೊನೇ ಸಾಲನ್ನು, ಹಿಂದಿನ ದಿನವೇ ಹೋಗಿ ಹತ್ತಿರದಿಂದ ನೋಡಿ, ಬಾಯಿಪಾಠ ಮಾಡಿಕೊಂಡಿದ್ದರು. ಕಣ್ಣು ಪಾಸಾಯಿತು. ರಕ್ತ ಫೇಲಾಯಿತು.

ಬರಿಹೊಟ್ಟೆಯಲ್ಲಿ ಇನ್ನೂರ ಎಂಬತ್ತಾರು ಅಂದರು ಡಾಕ್ಟರಮ್ಮ.

"ಎಷ್ಟಕ್ಕೆ?" ಅಂತ ಕೇಳಿದರು ಮೇಷ್ಟ್ರು.

ಇದು ಪರೀಕ್ಷೆಯ ಅಂಕ ಅಲ್ಲ, ಕಮ್ಮಿ ಬಂದಷ್ಟೂ ಒಳ್ಳೆಯದು ಅಂತ ಡಾಕ್ಟರಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದರು. ಮೇಷ್ಟ್ರು ತಾನು ಸಿಹಿ ತಿನ್ನುವವನೇ ಅಲ್ಲ ಅಂತ ವಾದ ಹೂಡಿದರು. ಹಾಗಾದರೆ ಟೀ ಎಷ್ಟು ಕುಡಿಯುತ್ತೀರಿ ಅಂದಾಗ ದಿನಕ್ಕೆ ಎಂಟು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂತ ಒಪ್ಪಿಕೊಂಡು, ಆದರೆ ಅದು ಟೀ, ಸಿಹಿ ಅಲ್ಲವಲ್ಲ ಅಂತ ಸೇರಿಸಿದರು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ದಿನಾ ಅರ್ಧ ಗಂಟೆ ನಡೆಯಿರಿ, ಒಂದು ವಾರ ಮನೆಯಲ್ಲೇ ಬರಿಹೊಟ್ಟೆಯಲ್ಲಿ ಶುಗರ್ ನೋಡಿ ಬರೆದುಕೊಂಡು ಬನ್ನಿ ಅಂದರು. ಮೇಷ್ಟ್ರು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದು, ಬೆಳಿಗ್ಗೆ ತನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ದಪ್ಪ ಮನುಷ್ಯ ಕೂತಿದ್ದ, ಇಬ್ಬರ ರಕ್ತವೂ ಅದಲುಬದಲಾಗಿರಬಹುದಾ ಅಂತ ಕೇಳಿದರು. ಆ ಮನುಷ್ಯ ರಕ್ತ ಕೊಡಲು ಬಂದವನಲ್ಲ, ಫ್ಯಾನ್ ರಿಪೇರಿಗೆ ಬಂದವನು ಅಂತ ಗೊತ್ತಾಯಿತು.

ಮಧ್ಯಾಹ್ನ ಶಾಲೆಯ ಲೆಕ್ಕದ ಟೀಚರಿಗೆ ಪಾಠವಿತ್ತು. ಆಕೆ ಮೇಷ್ಟ್ರ ವಿದ್ಯಾರ್ಥಿಗಳಲ್ಲೆಲ್ಲ ಅತಿ ವಿಧೇಯಳು. ನಾನು ಹೇಳುವವರೆಗೆ ಎಲ್ಲೂ ತಿರುಗಿಸಬೇಡಿ ಅಂತ ಹೇಳಿ ಮೇಷ್ಟ್ರು ಪಕ್ಕದಲ್ಲಿ ಕೂತರು. ಕಾಲು ಮೇಷ್ಟ್ರ ಕಡೆಗೆಂದೇ ಹಾಕಿಸಿದ್ದ ಎರಡನೇ ಬ್ರೇಕಿನ ಮೇಲಿತ್ತು, ತಲೆ ಮಾತ್ರ ಇನ್ನೂರ ಎಂಬತ್ತಾರರ ಮೇಲೆ. ನನ್ನಂಥ ಗಟ್ಟಿಮುಟ್ಟಾದ ಆಳಿಗೆ, ದಿನಾ ಬೆಳಿಗ್ಗೆ ಕಾರು ತಳ್ಳಿ ಸ್ಟಾರ್ಟ್ ಮಾಡುವವನಿಗೆ, ಇದೆಲ್ಲಿಂದ ಗಂಟುಬಿತ್ತು? ಹೀಗೆ ಯೋಚಿಸುತ್ತಾ ಕೂತವರು ಒಮ್ಮೆ ತಲೆಯೆತ್ತಿ ನೋಡಿದರೆ ಎರಡೂ ಕಡೆ ಹೊಲ. ಊರು ಹಿಂದೆ ಬಿದ್ದು ಮುಕ್ಕಾಲು ಗಂಟೆಯಾಗಿತ್ತು. ಟೀಚರು ಸ್ಟಿಯರಿಂಗನ್ನು ಎರಡು ಕೈಯಲ್ಲಿ ಅಮುಕಿ ಹಿಡಿದು, ರೆಪ್ಪೆ ಮಿಟುಕಿಸದೆ, ನೆಟ್ಟಗೆ ಹೋಗುತ್ತಲೇ ಇದ್ದಳು.

"ನೀವೇ ಹೇಳಿದ್ರಲ್ಲ ಸರ್," ಅಂದಳು, ಬೆವರು ಒರೆಸಿಕೊಳ್ಳಲೂ ಕೈ ತೆಗೆಯದೆ.

ಮೇಷ್ಟ್ರು ಮನೆಯಲ್ಲಿ ಬಾಯಿ ಬಿಡಲಿಲ್ಲ. ಅದಕ್ಕೆ ಕಾರಣ ಕಾಯಿಲೆಯಲ್ಲ, ಅಕ್ಕ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದು ನಿವೃತ್ತಳಾದವಳು, ಮಹಡಿಯ ಕೋಣೆಯಲ್ಲಿದ್ದಳು. ಅವಳಿಗೆ ಶುಗರ್ ಬಂದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ಅದು ಬರೀ ಕಾಯಿಲೆಯಾಗಿ ಉಳಿದಿರಲಿಲ್ಲ, ಒಂದು ಹುದ್ದೆಯಾಗಿಬಿಟ್ಟಿತ್ತು. ಊಟದ ಮೇಜಿನಲ್ಲಿ ಮೊದಲ ತಟ್ಟೆ ಅವಳದು. ಫ್ಯಾನಿನ ಕೆಳಗಿನ ಕುರ್ಚಿ ಅವಳದು. ಟಿವಿಯ ರಿಮೋಟು ಅವಳದು. ತಿಂಡಿಗೆ ಮುಂಚೆ ಅವಳ ಜೊತೆ ಯಾರೂ ವಾದ ಮಾಡುವಂತಿಲ್ಲ, ಶುಗರ್ ಏರುತ್ತದೆ. ತಿಂಡಿಯಾದ ಮೇಲೂ ಮಾಡುವಂತಿಲ್ಲ, ಇಳಿಯುತ್ತದೆ. ಮೇಷ್ಟ್ರು ಈ ಹನ್ನೊಂದು ವರ್ಷವೂ ಅವಳನ್ನು ರೇಗಿಸಿಕೊಂಡೇ ಬಂದಿದ್ದರು. ಯಾರದೇ ಹುಟ್ಟುಹಬ್ಬವಿರಲಿ, ಎರಡು ತುಂಡು ಕೇಕು ತಟ್ಟೆಗೆ ಹಾಕಿಕೊಂಡು ಅವಳ ಎದುರಿಗೇ ಕೂರುವರು. ನಿನ್ನ ಪಾಲಿನದನ್ನೂ ನಾನೇ ತಿಂದು ನಿನಗೆ ಸಹಾಯ ಮಾಡುತ್ತಿದ್ದೇನೆ ಅಂತ ಬೆರಳು ನೆಕ್ಕುವರು. ಈಗ ಹೋಗಿ, ಅಕ್ಕಾ ನನಗೂ ಬಂತು ಅಂತ ಯಾವ ಬಾಯಲ್ಲಿ ಹೇಳುವುದು?

ಮಾತ್ರೆಯನ್ನು ಕಾರಿನಲ್ಲಿ, ಹಳೇ ಸ್ಪಾರ್ಕ್ ಪ್ಲಗ್ಗಿನ ಡಬ್ಬಿಯಲ್ಲಿ ಬಚ್ಚಿಟ್ಟರು. ಟೀಗೆ ಸಕ್ಕರೆ ಬೇಡ ಅಂದರು. ಯಾಕೆ ಅಂತ ಹೆಂಡತಿ ಕೇಳಿದ್ದಕ್ಕೆ ಗಂಟಲು ಅಂದರು. ಸಂಜೆ ಅರ್ಧ ಗಂಟೆ ಎಲ್ಲೋ ಮಾಯವಾಗತೊಡಗಿದರು. ನಡೆದು ಬಂದು ಕನ್ನಡಿಯಲ್ಲಿ ಹೊಟ್ಟೆಯನ್ನು ಒಂದು ಪಕ್ಕದಿಂದ ನೋಡಿ, ಮತ್ತೆ ಇನ್ನೊಂದು ಪಕ್ಕದಿಂದ ನೋಡಿಕೊಳ್ಳುವರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಇಲ್ಲದ ಈ ಶೋಕಿ ಕಂಡು ಹೆಂಡತಿ ಮಾತು ಕಮ್ಮಿ ಮಾಡಿದಳು. ಕಾರು ಕಲಿಯಲು ಬರುವ ಹೆಂಗಸರ ಹೆಸರುಗಳನ್ನು ಮಾತಿನ ನಡುವೆ ಹಗುರವಾಗಿ ವಿಚಾರಿಸತೊಡಗಿದಳು.

ಉಳಿದದ್ದು ರಕ್ತ ನೋಡಿಕೊಳ್ಳುವ ಕೆಲಸ. ಬೀದಿಯಲ್ಲಿ ಇದ್ದದ್ದು ಒಂದೇ ಔಷಧಿ ಅಂಗಡಿ. ಅಲ್ಲಿ ಒಂದು ತಲೆನೋವಿನ ಮಾತ್ರೆ ಕೊಂಡರೂ ಅಂಗಡಿಯವನು ಅಕ್ಕನನ್ನು ಕಂಡಾಗ, ನಿಮ್ಮ ತಮ್ಮನ ತಲೆ ಹೇಗಿದೆ ಅನ್ನುವ ಪೈಕಿ. ಹಾಗಾಗಿ ಮೇಷ್ಟ್ರ ಕಣ್ಣು ಅಕ್ಕನ ಶುಗರ್ ಮಷೀನಿನ ಮೇಲೆ ಬಿತ್ತು. ಅಕ್ಕ ದಿನಾ ಬೆಳಿಗ್ಗೆ ಆರೂವರೆಗೆ ಬೆರಳು ಚುಚ್ಚಿ ನೋಡಿಕೊಂಡು ಸ್ನಾನಕ್ಕೆ ಹೋಗುವಳು. ಸ್ನಾನವಾಗಿ ಬಂದು, ಕನ್ನಡಕ ಹಾಕಿ, ಮಷೀನಿನ ಗುಂಡಿ ಒತ್ತಿ, ಅದು ತೋರಿಸುವ ಕೊನೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವಳು. ಸ್ನಾನ ಕಾಲು ಗಂಟೆ. ಅಷ್ಟು ಸಾಕಿತ್ತು.

ಸೋಮವಾರ ಮೇಷ್ಟ್ರು ಕಳ್ಳಹೆಜ್ಜೆಯಲ್ಲಿ ಮಹಡಿ ಹತ್ತಿದರು. ಚುಚ್ಚುವ ಪೆನ್ನಿಗೆ ಹೊಸ ಸೂಜಿ ಹಾಕಿಕೊಂಡು ಬೆರಳಿಗೆ ಹಿಡಿದರು. ಕೈ ಮುಂದಕ್ಕೆ ಹೋಗಲಿಲ್ಲ. ಕಲಿಯುವವರ ಪಕ್ಕದಲ್ಲಿ ಕೂತು ಲಾರಿಗಳ ಮೂತಿಯನ್ನು ಗೇಣು ದೂರದಲ್ಲಿ ನೋಡಿಬಂದ ಮನುಷ್ಯ ಆ ಎಳ್ಳಿನಷ್ಟು ಸೂಜಿಗೆ ಹೆದರಿ ಕೆಳಗಿಳಿದು ಬಂದರು. ಮಂಗಳವಾರವೂ ಹಾಗೇ ಆಯಿತು. ಬುಧವಾರ ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಒತ್ತಿದರು, ರಕ್ತ ಬಂತು, ಆದರೆ ಕಣ್ಣು ಮುಚ್ಚಿಕೊಂಡಿದ್ದರಿಂದ ಅದು ಮಷೀನಿನ ಸ್ಟ್ರಿಪ್ಪಿಗೆ ಬೀಳದೆ ಅಕ್ಕನ ಹಾಸಿಗೆಯ ಮೇಲೆ ಬಿತ್ತು. ಅದರ ಮೇಲೆ ದಿಂಬು ಎಳೆದಿಟ್ಟು ಬಂದರು. ಗುರುವಾರ ಎಲ್ಲ ಸರಿಹೋಯಿತು. ಮಷೀನು ಕೀಂ ಅಂದು ಇನ್ನೂರ ತೊಂಬತ್ತೊಂದು ತೋರಿಸಿತು. ಮೇಷ್ಟ್ರು ಅದನ್ನು ಅಂಗೈಯಲ್ಲಿ ಬರೆದುಕೊಂಡು, ಬೆರಳಿಗೆ ಹತ್ತಿ ಒತ್ತಿಕೊಂಡು, ಮೆಟ್ಟಿಲಿಳಿದು ಏನೂ ಆಗದವರ ಹಾಗೆ ಪೇಪರು ಹಿಡಿದು ಕೂತರು.

ಏಳು ಗಂಟೆಗೆ ಅಕ್ಕ ಕೆಳಗೆ ಬಂದಳು. ಬಂದವಳು ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಮನೆಯವರಿಗೆ ಅದೇ ಮೊದಲ ಗಾಬರಿ. ತಿಂಡಿ ಬೇಡ ಅಂದಳು. ಫೋನಿನಲ್ಲಿ ಊರಿಗೆಲ್ಲ ಸಂಪರ್ಕ ಕೊಟ್ಟ ಆ ಶುದ್ಧ ಗಂಟಲಿನಲ್ಲಿ, ತಾನು ಹೇಳುವುದನ್ನು ಎಲ್ಲರೂ ಸಮಾಧಾನವಾಗಿ ಕೇಳಬೇಕು ಅಂದಳು. ನಿನ್ನೆಯವರೆಗೆ ನೂರ ಇಪ್ಪತ್ತು, ನೂರ ಮೂವತ್ತರಲ್ಲಿದ್ದ ಶುಗರ್ ಇವತ್ತು ಇದ್ದಕ್ಕಿದ್ದ ಹಾಗೆ ಇನ್ನೂರ ತೊಂಬತ್ತೊಂದಾಗಿದೆ. ಕನ್ನಡಕ ಇಲ್ಲದೆ ನೋಡಿದಾಗ ನೂರ ಇಪ್ಪತ್ತೊಂದರ ಹಾಗೆ ಕಂಡಿತ್ತು, ಕನ್ನಡಕ ಹಾಕಿದ ಮೇಲೆ ನಿಜ ಗೊತ್ತಾಯಿತು. ಹಾಸಿಗೆಯ ಮೇಲೆ ರಕ್ತದ ಕಲೆಯೂ ಇದೆ. ಒಳಗೆ ಎಲ್ಲೋ ಏನೋ ಆಗಿದೆ.

ಮೇಷ್ಟ್ರು ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದರು.

ಅಕ್ಕ ಹಂಚಲು ಶುರುಮಾಡಿದಳು. ಹೊಲಿಗೆ ಮಷೀನು ತಮ್ಮನ ಹೆಂಡತಿಗೆ. ಉಣ್ಣೆಯ ಶಾಲೂ ಅವಳಿಗೇ, ಯಾಕೆಂದರೆ ಅವಳು ಕೇಳದೆ ಎಷ್ಟೋ ಸಲ ಹೊದ್ದಿದ್ದಾಳೆ, ತನಗೆ ಗೊತ್ತು. ರಿಮೋಟು ತಮ್ಮನಿಗೆ. ರಿಮೋಟನ್ನು ಎರಡೂ ಕೈಯಲ್ಲಿ ತಂದು ಪೇಪರಿನ ಕೆಳಗಿಂದ ಮೇಷ್ಟ್ರ ತೊಡೆಯ ಮೇಲಿಟ್ಟಳು. ಮೇಷ್ಟ್ರ ಹೆಂಡತಿ ಅಳತೊಡಗಿದಳು. ಅತ್ತಿಗೇ, ಮೊದಲು ಆಸ್ಪತ್ರೆಗೆ ಹೋಗೋಣ ಅಂದಳು. ಅಕ್ಕ, ಹೋಗೋಣ, ಅದಕ್ಕೂ ಮುಂಚೆ ಮನಸ್ಸಿನ ಭಾರ ಇಳಿಸಿಕೊಳ್ಳಬೇಕು ಅಂದಳು.

ಮೊದಲ ಭಾರ: ಫ್ರಿಜ್ಜಿನಿಂದ ಆಗಾಗ ಕಾಣೆಯಾಗುತ್ತಿದ್ದ ಕೇಕು ತಿಂದದ್ದು ತಮ್ಮನಲ್ಲ, ತಾನು. ಹನ್ನೊಂದು ವರ್ಷದಿಂದ ಬೈಸಿಕೊಂಡದ್ದು ಅವನು. ಮೇಷ್ಟ್ರ ಹೆಂಡತಿ ಅಳು ನಿಲ್ಲಿಸಿದಳು.

ಎರಡನೆಯದು ಹೇಳುವ ಮುಂಚೆ ಅಕ್ಕ ತಮ್ಮನ ಪಕ್ಕಕ್ಕೆ ಬಂದು ಕೂತಳು.

"ನಿನ್ನ ಆಮೆ ಓಡಿಹೋಗಲಿಲ್ಲ ಕಣೋ. ನಾನೇ ಎದುರುಮನೆಯವರಿಗೆ ಕೊಟ್ಟುಬಿಟ್ಟೆ."

ಪೇಪರು ಕೆಳಗಿಳಿಯಿತು. ಆಗ ಮೇಷ್ಟ್ರಿಗೆ ಎಂಟು ವರ್ಷ. ಸ್ಕೂಲಿನಿಂದ ಬಂದು ನೋಡಿದರೆ ಸಾಕಿದ್ದ ಆಮೆ ಇಲ್ಲ. ಓಡಿಹೋಯಿತು ಅಂದಿದ್ದಳು ಅಕ್ಕ. ಮೇಷ್ಟ್ರು ಮೂರು ದಿನ ಬೀದಿಯಲ್ಲೆಲ್ಲ ಓಡಿ ಹುಡುಕಿದ್ದರು. ಆಮೆ ಅಷ್ಟು ಜೋರಾಗಿ ಓಡುವುದಾದರೂ ಹೇಗೆ ಅನ್ನುವ ಪ್ರಶ್ನೆ ಈ ನಲವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಅವರಿಗೆ ಹೊಳೆದಿರಲಿಲ್ಲ. ಅದು ಗೊತ್ತಾಗಿ ಅವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಕ್ಕ ಅವರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅಕ್ಕಾ," ಅಂದರು ಮೇಷ್ಟ್ರು. "ಆ ಇನ್ನೂರ ತೊಂಬತ್ತೊಂದು ನಿಂದಲ್ಲ. ನಂದು."

ಅಂಗೈ ಬಿಡಿಸಿ ತೋರಿಸಿದರು. ಬೆವರಿಗೆ ಅಳಿಸಿದ್ದರೂ ಸಂಖ್ಯೆ ಓದುವ ಹಾಗಿತ್ತು. ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು: ಸರ್ಟಿಫಿಕೇಟು, ಸ್ಪಾರ್ಕ್ ಪ್ಲಗ್ಗಿನ ಡಬ್ಬಿ, ಸಂಜೆಯ ನಡಿಗೆ, ದಿಂಬಿನ ಕೆಳಗಿನ ಕಲೆ.

ಮೊದಲು ಮಾತಾಡಿದ್ದು ಹೆಂಡತಿ. "ಹಾಗಾದ್ರೆ ಬೇರೆ ಯಾರೂ ಇಲ್ಲ ತಾನೇ?" ಅಂದಳು. ಯಾರು ಇಲ್ಲ ಅಂತ ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಆದರೂ ಇಲ್ಲ ಅಂದರು. ಆಕೆ ಮೂಗು ಒರೆಸಿಕೊಂಡು ಒಳಗೆ ಹೋಗಿ, ಗಂಡನಿಗೆ ಶುಗರ್ ಇದ್ದದ್ದಕ್ಕೆ ಇಷ್ಟು ಸಂತೋಷಪಟ್ಟ ಹೆಂಡತಿ ಬೇರೆ ಯಾರಿದ್ದಾರೋ ಅನ್ನುವ ಹಾಗೆ ನಗುತ್ತಾ ಎಲ್ಲರಿಗೂ ಟೀ ಇಟ್ಟಳು.

ಅಕ್ಕ ಮಾತ್ರ ಅಲುಗಾಡದೆ ಕೂತಿದ್ದಳು. ಬದುಕಿ ಉಳಿದದ್ದಕ್ಕೆ ಅವಳ ಮುಖದಲ್ಲಿ ಖುಷಿ ಮೂಡುತ್ತದೆ ಅಂತ ಮೇಷ್ಟ್ರು ಕಾದರು. ಮೂಡಿದ್ದು ಬೇರೆ.

"ಮೊದಲನೇ ದಿನ ನಂಗೆ ಬರೀ ಇನ್ನೂರ ನಲವತ್ತೆರಡು ಇತ್ತು," ಅಂದಳು. "ಚಿಕ್ಕಂದಿನಿಂದಲೂ ಹೀಗೇ. ನನಗೊಂದು ಬಂದ್ರೆ ನಿನಗೆ ಅದಕ್ಕಿಂತ ದೊಡ್ಡದು ಬೇಕು."

ಹೊಲಿಗೆ ಮಷೀನು, ಶಾಲು, ರಿಮೋಟು ಮೂರನ್ನೂ ಅವಳು ಆಗಿಂದಾಗಲೇ ವಾಪಸು ತೆಗೆದುಕೊಂಡಳು. ಸೂಜಿ ಹೊಸದು ಹಾಕಿದ್ದೆಯಾ ಅಂತ ಕೇಳಿ, ಹೌದು ಅಂದ ಮೇಲೂ ಒಬ್ಬರ ಚುಚ್ಚುವ ಪೆನ್ನನ್ನು ಇನ್ನೊಬ್ಬರು ಮುಟ್ಟಲೇಬಾರದು ಅಂತ ಹತ್ತು ನಿಮಿಷ ಬೈದಳು. ಆಮೇಲೆ ಮೆಟ್ಟಿಲು ಹತ್ತಿ ಹೋದಳು.

ಅವಳು ಹೋದ ಮೇಲೆ ಮೇಷ್ಟ್ರು ಒಬ್ಬರೇ ಉಳಿದರು. ಇಷ್ಟು ದಿನ ಮುಚ್ಚಿಡುವ ಗಡಿಬಿಡಿಯಲ್ಲಿ ಹೆದರಲು ಅವರಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಕಣ್ಣು ಹೋದರೆ ಕಾರು ಹೇಗೆ? ಕಾಲು ಹೋದರೆ ಬ್ರೇಕು ಹೇಗೆ? ಅವರು ಎದ್ದು ಹೋಗಿ ಮಹಡಿ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅಕ್ಕ ಮೇಲಿನಿಂದ ಇಳಿದು ಅವರಿಗಿಂತ ಎರಡು ಮೆಟ್ಟಿಲು ಮೇಲೆ ಕೂತಳು.

ಭಯ ಆಗುತ್ತಾ ಅಂತ ಕೇಳಿದಳು. ಮೇಷ್ಟ್ರು ಹೌದು ಅಂತ ತಲೆಯಾಡಿಸಿದರು.

"ನಾನು ಮೊದಲ ವಾರ ಪೂರ್ತಿ ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ," ಅಂದಳು ಅಕ್ಕ. "ನೀನು ಹೊರಗಿಂದ ಬಾಗಿಲು ಬಡಿದು, ಟ್ಯಾಂಕ್ ಖಾಲಿಯಾಗ್ತಿದೆ, ಅಳೋದಾದ್ರೆ ನಲ್ಲಿ ನಿಲ್ಸಿ ಅಳು ಅಂದೆ."

ಮೇಷ್ಟ್ರಿಗೆ ಅದು ನೆನಪಿರಲಿಲ್ಲ. ಅಂಥ ಮಾತು ತಾನು ಆಡಿರಲು ಸಾಧ್ಯ ಅಂತ ಮಾತ್ರ ಗೊತ್ತಿತ್ತು. ತಪ್ಪಾಯ್ತು ಅಂದರು. ಅಕ್ಕ, ಆಮೆಗೂ ಇದಕ್ಕೂ ಸರಿಹೋಯಿತು ಬಿಡು ಅಂದಳು. ಎಂಟನೇ ದಿನ ಅಳುವುದಕ್ಕೆ ಬೇಜಾರು ಬಂತು, ಆಮೇಲೆ ಇದೊಂದು ಕೆಲಸ ಅಷ್ಟೇ ಅಂದಳು. ಬೆಳಿಗ್ಗೆ ಎದ್ದು ಮಾಡುವ ಇನ್ನೊಂದು ಕೆಲಸ.

ಮಾರನೇ ದಿನದಿಂದ ಮೇಷ್ಟ್ರು ಅಕ್ಕನ ಕೈಕೆಳಗೆ ಸೇರಿದರು. ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿ ಅವರಿಗೇ ಬೇರೆ ಮಷೀನು ಕೊಡಿಸಿದಳು. ಅಂಗಡಿಯವನು ಬೀದಿಗೆಲ್ಲ ಸುದ್ದಿ ಮುಟ್ಟಿಸುವ ಮುಂಚೆ ತಾನೇ ಎಲ್ಲರಿಗೂ ಹೇಳಿದಳು, ಅದೂ ಸಂಖ್ಯೆಯನ್ನು ಇನ್ನೂರ ನಲವತ್ತಕ್ಕೆ ಇಳಿಸಿ. ಸೂಜಿಯನ್ನು ಬೆರಳಿನ ತುದಿಗಲ್ಲ, ಪಕ್ಕಕ್ಕೆ ಚುಚ್ಚಿದರೆ ನೋವು ಕಮ್ಮಿ ಅಂತ ತೋರಿಸಿಕೊಟ್ಟಳು. ನಡಿಗೆಯಲ್ಲಂತೂ ಮೇಷ್ಟ್ರಿಗೆ ಮಾನ ಉಳಿಯಲಿಲ್ಲ. ಅರವತ್ತೆರಡರ ಅಕ್ಕ ಮುಂದೆ, ಐವತ್ತೆರಡರ ತಮ್ಮ ಹಿಂದೆ, ಏದುಸಿರು ಬಿಡುತ್ತಾ. ಎದುರಿಗೆ ಬರುವವರಿಗೆಲ್ಲ ಅಕ್ಕ, ಇವನು ಹೊಸಬ, ಇನ್ನೂ ಕಲಿಯುತ್ತಿದ್ದಾನೆ ಅಂತ ಪರಿಚಯ ಮಾಡಿಸುವಳು.

ಟೀ ಎಂಟರಿಂದ ಮೂರಕ್ಕೆ ಬಂತು, ಸಕ್ಕರೆ ಇಲ್ಲದ್ದು. ಮೊದಲ ವಾರ ಅದು ಬಿಸಿನೀರಿನಲ್ಲಿ ಅದ್ದಿದ ಪೊರಕೆಯ ಹಾಗಿದೆ ಅಂತ ಮೇಷ್ಟ್ರು ಗೊಣಗಿದರು. ಮೂರನೇ ವಾರ ಗೊಣಗಲು ಮರೆತರು. ಒಂದೊಂದು ದಿನ ಸಂಖ್ಯೆ ಏರುವುದು, ಆ ದಿನ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವಂತಿಲ್ಲ. ಇಳಿದ ದಿನ ಲೆಕ್ಕದ ಟೀಚರಿಗೂ ಹೇಳುವರು. ಎರಡನೇ ತಿಂಗಳಿಗೆ ಅದು ನೂರ ನಲವತ್ತರ ಆಸುಪಾಸಿಗೆ ಬಂದು ನಿಂತಿತು. ಡಾಕ್ಟರಮ್ಮ, ಇನ್ನೂ ಸ್ವಲ್ಪ ಇಳಿಯಬೇಕು, ಆದರೆ ದಾರಿ ಸರಿಯಿದೆ ಅಂದರು.

ಕಾಲು ನೋಡಿಕೊಳ್ಳುವುದನ್ನು ಅಕ್ಕ ಕೊನೆಗೆ ಕಲಿಸಿದಳು. ಶುಗರ್ ಇದ್ದವರಿಗೆ ಗಾಯವಾದರೆ ಗೊತ್ತಾಗದೇ ಇರಬಹುದು, ದಿನಾ ಅಂಗಾಲು ನೋಡಿಕೊಳ್ಳಬೇಕು ಅಂದಳು. ಮೇಷ್ಟ್ರಿಗೆ ಬಗ್ಗಲು ಹೊಟ್ಟೆ ಅಡ್ಡ ಬರುತ್ತಿತ್ತು. ಆಮೇಲೆ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡರು. ಸಂಜೆ ನಡೆದು ಬಂದು, ಕಾಲು ತೊಳೆದು, ಮೆಟ್ಟಿಲ ಮೇಲೆ ಎದುರುಬದುರು ಕೂತು ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡುವುದು.

ಮೊದಲ ಸಲ ಅಕ್ಕ ಕನ್ನಡಕ ಏರಿಸಿಕೊಂಡು ಅವರ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನ ಸಂದಿಯನ್ನೂ ಬಿಡದೆ ನೋಡಿದಳು. ಏನಾದರೂ ಇದೆಯಾ ಅಂತ ಮೇಷ್ಟ್ರು ಕೇಳಿದರು.

"ಏನೂ ಇಲ್ಲ," ಅಂದಳು ಅಕ್ಕ. "ಥೇಟ್ ಅಪ್ಪನ ಪಾದ. ಹೆಬ್ಬೆರಳು ಅದೇ ಥರ ಸೊಟ್ಟ." ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಕಾಲನ್ನು ಕೆಳಗಿಟ್ಟು, ಇನ್ನೊಂದು ಕೊಡು ಅಂದಳು.