ದೋಣಿ ಹತ್ತಿದ ಹೆಣ್ಣು

ಹೆಂಡತಿ ವನಮಾಲಾರ ಚಟ್ಟದ ಹಿಂದೆಯೇ ಗೇಟಿನವರೆಗೆ ಬಂದ ಹೆಂಗಸರಿಗೆ ವೈಕುಂಠ ಐತಾಳರು ಕೈ ಅಡ್ಡ ಹಿಡಿದರು.

"ಸಾಕ್. ಇಲ್ಲಿಂದಾಚೆ ಹೆಂಗಸ್ರ್ ಬಪ್ಪುಕಾಗ."

ಮಗ ಶೈಲೇಶ್ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಸೊಸೆ ರಂಜನಿ ಗೇಟಿನ ಸರಳು ಹಿಡಿದು ನಿಂತಳು. ಅತ್ತೆ ವನಮಾಲಾ ಈ ಗೇಟು ದಾಟಿದ್ದನ್ನು ಅವಳು ನೋಡಿದ್ದೇ ಕಡಿಮೆ. ಭಾನುವಾರ ಸಾಲಿಗ್ರಾಮ ಪೇಟೆಯ ಲೈಬ್ರರಿಯಲ್ಲಿ ಮಕ್ಕಳಿಗೆ ಕತೆ ಹೇಳಲು ಮಾತ್ರ ಅಪ್ಪಣೆ. ಅದಕ್ಕೂ ಐತಾಳರ ಷರತ್ತಿತ್ತು: ಕತೆಯ ಹೆಣ್ಣು ಎಲ್ಲಿಗೇ ಹೋಗಲಿ, ಕೊನೆಗೆ ಮನೆಗೆ ಬರಬೇಕು. ಯಜಮಾನರಲ್ಲವೇ, ಹೇಳಿದ್ದೇ ಸೈ!

ಪಕ್ಕದ ಮನೆಯ ಪ್ರಭಾವತಿ ಕಣ್ಣೊರೆಸಿಕೊಂಡರು. "ನಾಡಿದ್ದಿನ್ ಕತೆ ಕಾರ್ಯಕ್ರಮ ಎಂತ ಮಾಡುದ್? ಸೂತಕ ಅಲ್ದಾ, ನೀನೂ ಹೋಪುಕಾಗ."

*

"ಈ ಸಲ ಎಲ್ಲಾ ಕತೆಯೂ ದಾಟುದರ ಮೇಲೆ," ಎಂದಿದ್ದರು ವನಮಾಲಾ, ಕಾಯಿ ತುರಿಯುತ್ತಾ. "ಹಕ್ಕಿ ಗುಡ್ಡೆ ದಾಟುದ್, ಆಮೆ ರಸ್ತೆ ದಾಟುದ್. ಕಡೆಗೆ ನನ್ ಕತೆ ಹೆಣ್ಣ್ ಹೊಳೆ ದಾಟುದ್."

"ಮತ್ತೆ ಮನೆಗ್ ಬತ್ತಾ?" ಎಂದು ಕೇಳಿದ್ದಳು ರಂಜನಿ.

"ಈ ಸಲ ಬತ್ತಿಲ್ಲೆ." ಅತ್ತೆ ಸಣ್ಣ ಹುಡುಗಿಯಂತೆ ನಕ್ಕರು. "ಇಷ್ಟ್ ವರ್ಷ ಎಲ್ಲರನ್ನೂ ವಾಪಾಸ್ ಕರ್ಕಂಡ್ ಬಂದೆ, ಮಾರಾಯ್ತಿ. ಇವ್ರ ಮೋರೆ ಕಂಡ್ರೆ ಬೇರೆ ಮಾತ್ ಬಾಯಿಗೇ ಬತ್ತಿಲ್ಲೆ. ನಂಗ್ ಆಗ್ದಿದ್ರೆ ನೀನ್ ಹೇಳ್ಕ್. ಆಣೆ ಮಾಡ್."

ರಂಜನಿ ತೆಂಗಿನ ಕಡಿ ಮುಟ್ಟಿ ಆಣೆ ಮಾಡಿದ್ದಳು. ಹೋದ ಭಾನುವಾರ ಅತ್ತೆ ಹೆಣ್ಣನ್ನು ದೋಣಿ ಹತ್ತಿಸಿ, ಉಳಿದದ್ದು ಬರುವ ವಾರ ಎಂದು ಎದ್ದು ಬಂದಿದ್ದರು. ವಾರ ತುಂಬುವ ಮೊದಲೇ ಎದೆನೋವು ಬಂತು.

*

ಗಂಡಸರು ಮಸಣದಿಂದ ಮರಳುವ ಮೊದಲೇ, ಮಧ್ಯಾಹ್ನ, ಕತೆ ಕೇಳುವ ಮಕ್ಕಳು ಬಂದು ಜಗಲಿಯಲ್ಲಿ ಕುಳಿತವು. ಮೋಟುಜಡೆಯ ನವ್ಯಾ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಜ್ಜಿ ಕತೆ ಅರ್ಧಕ್ಕೇ ಬಿಟ್ ಹೋದ್ರ್. ಆ ಹೆಣ್ಣ್ ಎಂತ ಆಯ್ತ್?"

ರಂಜನಿಗೆ ಆಣೆ ನೆನಪಾಯಿತು. ಈಗ ಹೇಳದಿದ್ದರೆ ಇನ್ನು ಯಾವಾಗ?

"ಹೊಳೆ ದಾಟಿತ್. ಆಚೆ ದಡದಲ್ಲ್ ಇಳಿತ್. ಹಿಂದ್ ತಿರ್ಗಿ ಕಾಣ್ಲೇ ಇಲ್ಲೆ."

"ಮತ್ತೆ ಮನೆಗ್ ಬಂತಾ?"

ಗೇಟು ಕಿರುಗುಟ್ಟಿತು. ಮಿಂದ ಒದ್ದೆ ಪಂಚೆಯಲ್ಲಿ ಐತಾಳರು ಅಲ್ಲೇ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಗದರಿಸಿದ್ದರೆ ರಂಜನಿ ಹೇಳಿಯೇಬಿಡುತ್ತಿದ್ದಳು. ಆದರೆ ಅವರ ಗದ್ದ ನಡುಗುತ್ತಿತ್ತು.

"ಬಂತ್ ಅನ್, ಮಗಾ," ಎಂದರು ಸೊಸೆಗೆ.

ಮಕ್ಕಳೆಲ್ಲ ಅವಳ ಬಾಯಿಯನ್ನೇ ನೋಡಿದವು. ಅತ್ತೆಗೆ ಆ ಮಾತು ಏಕೆ ಬಾಯಿಗೆ ಬರುತ್ತಿರಲಿಲ್ಲವೆಂದು ಅವಳಿಗೆ ಆಗ ತಿಳಿಯಿತು.

"ಬಂತ್," ಎಂದಳು.

ಐತಾಳರು ತಲೆಯಾಡಿಸಿದರು. ತಿರುಗಿ, ಗೇಟಿನ ಚಿಲಕ ಹಾಕಿದರು.